ಭಾನುವಾರದ ಪಾಲಿಶ್

ಬೆಳಗ್ಗೆ ಎದ್ದ ಅಕ್ಕ ಕಣ್ಣುಜ್ಜಿಕೊಳ್ಳುವ ಮೊದಲು ಸಾಹೇಬರ ತಟ್ಟೆ ನೋಡಿದಳು. ಇಟ್ಟದ್ದು ಇಟ್ಟ ಹಾಗೇ ಇತ್ತು. ಹಾಲಿನಲ್ಲಿ ನೆನೆಸಿಟ್ಟ ಬ್ರೆಡ್ಡು ಉಬ್ಬಿ ಅಂಟಿನಂತಾಗಿತ್ತು, ಇರುವೆಗಳು ಸಾಲುಗಟ್ಟಿ ಬಂದು ತಮ್ಮ ಪಾಲು ಹೊತ್ತುಕೊಂಡು ಹೋಗುತ್ತಿದ್ದವು. ಸಾಹೇಬರು ಪಕ್ಕದಲ್ಲೇ ಮುಂಗಾಲಿನ ಮೇಲೆ ಗದ್ದ ಊರಿ ಮಲಗಿ, ಬೇರೆ ಯಾರದೋ ಊಟ ನೋಡುವಂತೆ ತಟ್ಟೆಯನ್ನು ನೋಡುತ್ತಿದ್ದರು. ಬಾಯಿಯ ಮೂಲೆಯಿಂದ ಜೊಲ್ಲು ಇಳಿದು ನೆಲ ಒದ್ದೆಯಾಗಿತ್ತು.

“ಇವತ್ತೂ ಇಲ್ವಾ ಸಾಹೇಬ್ರೇ? ಹೀಗಾದ್ರೆ ಹೇಗೆ?” ಎಂದಳು ಅಕ್ಕ. ಸಾಹೇಬರು ಬಾಲವನ್ನು ಒಂದು ಸಲ ನೆಲಕ್ಕೆ ಬಡಿದರು. ಅದು ಉತ್ತರವಲ್ಲ, ಬರೀ ಮರ್ಯಾದೆ.

ಸಾಹೇಬರೆಂದರೆ ನಾಯಿ. ದೊಡ್ಡ ತಳಿಯೇನಲ್ಲ. ತಾಯಿ ಯಾರು ತಂದೆ ಯಾರು ಎಂದು ಕೇಳಿದರೆ ಬೀದಿಯವರೆಲ್ಲ ಒಬ್ಬರ ಮುಖ ಒಬ್ಬರು ನೋಡಬೇಕು, ಅಷ್ಟು ಬೆರಕೆ. ಮರಿಯಾಗಿ ಬಂದ ದಿನವೇ ಮನೆಯಲ್ಲಿದ್ದ ಒಂದೇ ಕೈಕುರ್ಚಿಯನ್ನು ಹತ್ತಿ ಕೂತಿತ್ತು. ಬಂದ ನೆಂಟರೊಬ್ಬರು ಕೂರಲು ಹೋದಾಗ ಅಕ್ಕನ ತಮ್ಮ, “ಅಲ್ಲಿ ಬೇಡಿ, ಅಲ್ಲಿ ಸಾಹೇಬ್ರು ಕೂತಿದಾರೆ” ಎಂದಿದ್ದ. ಅಲ್ಲಿಂದ ಮುಂದೆ ಬೈಯುವಾಗಲೂ ಬಹುವಚನ. “ಮೂರ್ಖರೇ, ಚಪ್ಪಲಿ ಬಿಡಿ” ಎಂದು ಬೈಸಿಕೊಂಡ ನಾಯಿ ಇನ್ನೆಲ್ಲೂ ಇರಲಾರದು.

ಮನೆಯೆಂದರೆ ಮಹಡಿಯ ಮೇಲಿನ ಎರಡು ಕೋಣೆ. ಒಂದರಲ್ಲಿ ಅಡುಗೆ, ನಿದ್ದೆ, ಜಗಳ. ಇನ್ನೊಂದರಲ್ಲಿ ಹಲ್ಲು. ಅಕ್ಕ ತಮ್ಮ ಇಬ್ಬರೂ ಸೇರಿ ಹಲ್ಲು ಹೋದವರಿಗೆ ಕಟ್ಟುಹಲ್ಲಿನ ಸೆಟ್ಟು ಮಾಡುತ್ತಿದ್ದರು. ಹಲ್ಲಿನ ಡಾಕ್ಟರುಗಳು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಿದ್ದರು. ಅಕ್ಕ ಅದಕ್ಕೆ ಪ್ಲಾಸ್ಟರು ಕಲಸಿ ಹುಯ್ದು, ಗುಳ್ಳೆ ಬರದ ಹಾಗೆ ಕುಟ್ಟಿ ಕುಟ್ಟಿ ಇಳಿಸಿ, ಬಿಳಿ ದವಡೆಗಳನ್ನು ಎಬ್ಬಿಸುತ್ತಿದ್ದಳು. ತಮ್ಮ ಅದರ ಮೇಲೆ ಮೇಣ ಕೂರಿಸಿ, ಮೇಣದಲ್ಲಿ ಹಲ್ಲು ನೆಟ್ಟು, ಮೇಣ ಕರಗಿಸಿ ತೆಗೆದು, ಆ ಜಾಗಕ್ಕೆ ವಸಡಿನ ಬಣ್ಣದ ಗುಲಾಬಿ ಪ್ಲಾಸ್ಟಿಕ್ ಪುಡಿಯನ್ನು ದ್ರವದಲ್ಲಿ ಕಲಸಿ ತುಂಬಿ ಬೇಯಿಸುತ್ತಿದ್ದ. ಕೊನೆಗೆ ಚಕ್ರಕ್ಕೆ ಹಿಡಿದು ಪಾಲಿಶ್. ಊರಲ್ಲಿ ಎಷ್ಟು ಜನ ಇವರ ಹಲ್ಲಲ್ಲಿ ನಗುತ್ತಿದ್ದರೋ! ಆ ಮುಖಗಳಲ್ಲಿ ಒಂದನ್ನೂ ಇವರು ನೋಡಿರಲಿಲ್ಲ.

ಅಕ್ಕನಿಗೆ ಮಣಿಕಟ್ಟು ಹೋಗಿತ್ತು. ಪ್ಲಾಸ್ಟರು ಕಲಸಿ ಕಲಸಿ ಕೈ ಮೇಲೆತ್ತಿದರೆ ಭುಜದವರೆಗೂ ಸೆಳೆತ. ಅಡುಗೆ ಅವಳದು, ಬಟ್ಟೆ ಅವಳದು, ಡಾಕ್ಟರುಗಳ ಜೊತೆ ಫೋನಿನಲ್ಲಿ ಕಾದಾಡುವುದೂ ಅವಳದೇ. ತಮ್ಮ ಕೆಟ್ಟವನಲ್ಲ. ತನ್ನ ಮೇಜು ಬಿಟ್ಟರೆ ಪ್ರಪಂಚದಲ್ಲಿ ಬೇರೆ ಸಾಮಾನುಗಳೂ ಇವೆ ಎಂಬುದು ಅವನಿಗೆ ಹೊಳೆಯುತ್ತಿರಲಿಲ್ಲ, ಅಷ್ಟೆ.

ಈಗ ಮೂಗಿನ ವಿಷಯ ಹೇಳಬೇಕು, ಏಕೆಂದರೆ ಕೆಟ್ಟದ್ದೆಲ್ಲ ಅಲ್ಲಿಂದಲೇ. ಗುಲಾಬಿ ಪುಡಿಗೆ ಹಾಕುವ ಆ ದ್ರವವಿದೆಯಲ್ಲ, ಅದರ ಘಾಟು ಕಣ್ಣಿಗೆ ನೀರು ತರಿಸುವಂಥದ್ದು. ತಮ್ಮ ಹುಡುಗುಪ್ರಾಯದಿಂದ ಅದರ ಮೇಲೆ ಬಗ್ಗಿ ಕೂತವನು. ಅವನ ಮೂಗು ಅವನಿಗಿಂತ ಮೊದಲೇ ರಿಟೈರಾಗಿತ್ತು. ಒಲೆಯ ಮೇಲೆ ಅನ್ನ ಹೊತ್ತಿ ಕರಕಲಾದರೂ ಪಕ್ಕದಲ್ಲೇ ಶಿಳ್ಳೆ ಹಾಕುತ್ತಾ ಕೂತಿರುತ್ತಿದ್ದ. ಅಕ್ಕನ ಮೇಜು ಕಿಟಕಿಯ ಪಕ್ಕಕ್ಕಿದ್ದದ್ದರಿಂದ ಅವಳ ಮೂಗು ಉಳಿದುಕೊಂಡಿತ್ತು. ಅದು ಅವಳ ಪುಣ್ಯವೋ ಪಾಪವೋ, ಮುಂದೆ ನೀವೇ ತೀರ್ಮಾನಿಸಿ.

ಕೆಲವು ವರ್ಷದ ಹಿಂದೆ ಸಾಹೇಬರು ಆಕಳಿಸಿದಾಗ ತಮ್ಮನ ಕಣ್ಣು ಅವರ ಹಲ್ಲಿನ ಮೇಲೆ ಬಿತ್ತು. ದವಡೆ ಹಲ್ಲುಗಳಿಗೆ ಕಂದು ಗಾರೆ ಕಟ್ಟಿತ್ತು. ತಮ್ಮನಿಗೆ ಅದು ಕಾಯಿಲೆಯಾಗಿ ಕಾಣಲಿಲ್ಲ, ಅವಮಾನವಾಗಿ ಕಂಡಿತು.

“ನನ್ನ ಮನೆ ನಾಯಿಗೆ ಇಂಥ ಹಲ್ಲಾ? ನಾಳೆ ಯಾವನಾದ್ರೂ ನೋಡಿದ್ರೆ ಏನಂದ್ಕೋತಾನೆ?”

ಮೇಣ ಕೆತ್ತುವ ಚೂಪು ಚಾಕು ತಂದು ಗಾರೆ ಎಬ್ಬಿಸಿದ. ಸಣ್ಣ ಬ್ರಷ್ಷಿನ ಚಕ್ರಕ್ಕೆ ಬಿಳಿ ಪುಡಿ ಮೆತ್ತಿ ಹಲ್ಲು ಹಲ್ಲನ್ನೂ ಉಜ್ಜಿದ. ಸಾಹೇಬರಿಗೆ ಆಗ ಹಲ್ಲೂ ಗಟ್ಟಿ, ತಾಳ್ಮೆಯೂ ಗಟ್ಟಿ, ಆಮೇಲೆ ಒಂದು ಮೊಟ್ಟೆ ಸಿಗುತ್ತದೆಂಬ ಆಸೆ ಬೇರೆ. ಬಾಯಿ ತೆರೆದುಕೊಂಡು ಕೂತರು. ಮುಗಿದಾಗ ಹಲ್ಲುಗಳು ಹೊಸ ಬಟ್ಟಲಿನ ಹಾಗೆ ಫಳಫಳ. ಅಲ್ಲಿಂದ ಪ್ರತಿ ಭಾನುವಾರ ಪಾಲಿಶ್. ಕೆಳಗಿನ ಬೀಗ ರಿಪೇರಿ ಅಂಗಡಿಯ ಬೀಗದವನು ನೋಡಿ ಬೆರಗಾಗಿ ತನ್ನ ಚಿಲಕವನ್ನು ಹೊತ್ತು ತಂದ. ಚಿಲಕ ಅವನ ಹೆಣ್ಣು ನಾಯಿಯ ಹೆಸರು, ಹಿಡಿದರೆ ಬಿಡುವುದಿಲ್ಲ ಎಂದು. ಆಮೇಲೆ ಎದುರು ಮನೆಯವರದು, ತಿರುವಿನ ಕ್ಷೌರದಂಗಡಿಯದು. ಭಾನುವಾರ ಮೆಟ್ಟಿಲ ಮೇಲೆ ನಾಯಿಗಳ ಸಾಲು. ತಮ್ಮ ಯಾರ ಹತ್ತಿರವೂ ಕಾಸು ಮುಟ್ಟಲಿಲ್ಲ. ಹೊಗಳಿಕೆಯನ್ನು ಮಾತ್ರ ಎರಡೂ ಕೈಯಲ್ಲಿ ತೆಗೆದುಕೊಂಡ. ಬೀದಿಯವರು ‘ಹಲ್ಲಣ್ಣ’ ಎಂದು ಹೆಸರಿಟ್ಟರು, ಅದೂ ಹಿಡಿಸಿತು.

ವಾಸನೆ ಯಾವಾಗ ಶುರುವಾಯಿತೆಂದು ಹೇಳುವುದು ಕಷ್ಟ. ಅಕ್ಕ ಮೊದಲು ಮೋರಿಯನ್ನು ಅನುಮಾನಿಸಿದಳು. ಬಿಸಿನೀರು ಹುಯ್ದಳು. ಆಮೇಲೆ ಒದ್ದೆ ಪ್ಲಾಸ್ಟರಿನ ತೊಟ್ಟಿ ತಿಕ್ಕಿದಳು. ಬೀರುವಿನ ಹಿಂದೆ ಇಲಿ ಸತ್ತಿದೆಯೆಂದು ಬೀಗದವನನ್ನು ಕರೆಸಿ ಬೀರು ಸರಿಸಿದರು. ಇಲಿಯೂ ಇಲ್ಲ, ಹಲ್ಲಿಯೂ ಇಲ್ಲ. ಬೀರುವಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದ ಬೀಗದವನ ಮುಖಕ್ಕೆ ಆಗ ಸಾಹೇಬರು ಉಸಿರುಬಿಟ್ಟರು.

“ಅಯ್ಯಯ್ಯಪ್ಪಾ! ಅಕ್ಕಾ, ಇಲಿ ಸತ್ತಿರೋದು ಬೀರು ಹಿಂದೆ ಅಲ್ಲ, ಇವ್ರ ಬಾಯೊಳಗೆ!”

ತಮ್ಮನಿಗೆ ಮೂಗಿನ ಮೇಲೇ ಕೋಪ ಬಂತು, ಕೆಲಸ ಮಾಡದಿದ್ದರೂ. “ಏನಯ್ಯಾ ಹೇಳ್ತೀಯ? ಮೊನ್ನೆ ಭಾನುವಾರ ತಾನೇ ಪಾಲಿಶ್ ಹಾಕಿದೀನಿ. ತುಟಿ ಎತ್ತಿ ನೋಡು. ಈ ಬೀದೀಲಿ ನಿನ್ನೂ ಸೇರಿಸಿ ಯಾರಿಗಾದ್ರೂ ಇಂಥ ಹಲ್ಲಿದೆಯಾ?”

ಬೀಗದವನು ತುಟಿ ಎತ್ತಿ ನೋಡಿದ. ಹಲ್ಲು ನಿಜಕ್ಕೂ ಬೆಳ್ಳಗಿತ್ತು. ಬೆಳ್ಳಗಿರುವ ಹಲ್ಲಿನ ಮುಂದೆ ಯಾರು ಏನು ವಾದ ಮಾಡುತ್ತಾರೆ? ಅವನು ಗಾಳಿ ಬೀಸಿಕೊಳ್ಳುತ್ತಾ ಇಳಿದುಹೋದ. ಅಕ್ಕ ಬೀರುವನ್ನು ಮತ್ತೆ ಗೋಡೆಗೆ ತಳ್ಳಿದಳು. ಹಲ್ಲಿನ ವಿಷಯದಲ್ಲಿ ತಮ್ಮನ ಮಾತಿಗೆ ಎದುರಾಡಿ ಅಭ್ಯಾಸವಿರಲಿಲ್ಲ. ಡಾಕ್ಟರುಗಳೇ ಅವನ ಕೆಲಸಕ್ಕೆ ತಲೆದೂಗುವಾಗ ಇವಳದೇನು? ರಾತ್ರಿ ಮಂಚದ ಕೆಳಗೆ ಮಲಗುವ ಸಾಹೇಬರ ಕಡೆಗೆ ಬೆನ್ನು ಮಾಡಿ, ಮೂಗಿಗೆ ಸೆರಗು ಕಟ್ಟಿಕೊಂಡು ಮಲಗುವುದು ರೂಢಿಯಾಯಿತು.

ಈಗ ಸಾಹೇಬರು ಊಟ ಬಿಟ್ಟಿದ್ದರು. ಮೊದಲು ಗಟ್ಟಿ ಬಿಸ್ಕತ್ತು ಬಿಟ್ಟರು, ಆಮೇಲೆ ಮೂಳೆ, ಆಮೇಲೆ ಅನ್ನದಲ್ಲಿ ಕಲಸಿದ ಕೋಳಿ. ಬಾಯಿಗೆ ಹಾಕಿಕೊಂಡದ್ದನ್ನು ಒಂದು ಕಡೆಗೆ ತಳ್ಳಿ, ತಲೆ ವಾರೆ ಮಾಡಿ, ಆಮೇಲೆ ಕೆಳಗೆ ಬೀಳಿಸಿ ದೂರ ಸರಿಯುತ್ತಿದ್ದರು. ಬಲಗಣ್ಣಿನ ಕೆಳಗೆ ಒಂದು ಗಂಟು ಎದ್ದಿತ್ತು.

ತಮ್ಮ ಟೀ ಕುಡಿಯುತ್ತಾ ತಟ್ಟೆಯ ಕಡೆ ನೋಡಿ, “ಸೊಕ್ಕು” ಎಂದ. “ನೀನೇ ಮೆತ್ತಗಿಂದು ಕೊಟ್ಟು ಕೊಟ್ಟು ಕೆಡಿಸಿದೀಯ. ಎರಡು ದಿನ ಏನೂ ಕೊಡಬೇಡ, ಕಲ್ಲು ಕೊಟ್ರೂ ತಿಂತಾರೆ.”

“ಕಣ್ಣಿನ ಕೆಳಗೆ ಊದ್ಕೊಂಡಿದೆ ಕಣೋ.”

“ಕಣಜ ಕಚ್ಚಿರುತ್ತೆ.”

“ಕಣಜ ದಿನಾ ಬಂದು ಅದೇ ಜಾಗಕ್ಕೆ ಕಚ್ಚುತ್ತಾ?”

“ಅಕ್ಕಾ, ಬೆಳಬೆಳಗ್ಗೆ ಶುರು ಮಾಡಬೇಡ. ಮೇಲಿನ ಸೆಟ್ಟು ಮಧ್ಯಾಹ್ನಕ್ಕೆ ಕಳಿಸಬೇಕು. ಪ್ಲಾಸ್ಟರ್ ಕಲಸಿದೀಯಾ?”

ಅಕ್ಕ ಕಲಸಿರಲಿಲ್ಲ. ಅವಳಿಗೆ ಆ ಗಳಿಗೆಯಲ್ಲಿ ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು. ಸಿಟ್ಟು ಬರಲೂ ಸ್ವಲ್ಪ ಶಕ್ತಿ ಬೇಕು. ಅವಳು ಬಟ್ಟಲು ತೊಳೆದು ಬೋರಲು ಹಾಕಿದಳು. ಪ್ಲಾಸ್ಟರು ಚೀಲ ತರುವ ಕೈಗಾಡಿಯನ್ನು ಎಳೆದು, ಅದರಲ್ಲಿ ಹಳೆ ಕಂಬಳಿ ಹಾಸಿ, ಸಾಹೇಬರನ್ನು ಎತ್ತಿ ಕೂರಿಸಿದಳು. ಎತ್ತುವಾಗ ಗೊತ್ತಾಯಿತು, ಎಷ್ಟು ಹಗುರಾಗಿದ್ದರೆಂದು. ಮಣಿಕಟ್ಟು ನೋಯಲೇ ಇಲ್ಲ.

“ಎಲ್ಲಿಗೆ?” ಎಂದ ತಮ್ಮ.

“ನೀನೇ ಕಲಸ್ಕೋ” ಎಂದಳು ಅಕ್ಕ.

ಗಾಡಿಯನ್ನು ಮೆಟ್ಟಿಲಿಳಿಸಲು ಬೀಗದವನು ಬಂದು ಹಿಡಿದುಕೊಂಡ. “ಮೆರವಣಿಗೆ ಎಲ್ಲಿಗೆ ಅಕ್ಕಾ?” ಎಂದು ಕೇಳಿದವನು ಅವಳ ಮುಖ ನೋಡಿ ತಿರುವಿನ ತನಕ ತಾನೇ ಗಾಡಿ ತಳ್ಳಿದ.

ಪ್ರಾಣಿಗಳ ಡಾಕ್ಟರಮ್ಮನಿಗೆ ಇನ್ನೂ ಚಿಕ್ಕ ವಯಸ್ಸು. ಹಿಂದಿನ ಸರದಿಯ ಬೆಕ್ಕು ಪರಚಿದ್ದಕ್ಕೆ ಅಂಗೈಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದಳು. ಸಾಹೇಬರನ್ನು ಮೇಜಿನ ಮೇಲಿಟ್ಟು ತುಟಿ ಎತ್ತಿದಳು. ಅವಳ ಹುಬ್ಬೂ ಮೇಲೆದ್ದಿತು.

“ಅಮ್ಮಾ, ಇಷ್ಟು ವಯಸ್ಸಾದ ನಾಯಿಗೆ ಇಷ್ಟು ಬಿಳಿ ಹಲ್ಲು ನಾನು ನೋಡೇ ಇಲ್ಲ. ಏನು ಮಾಡ್ತೀರಿ?”

“ಮನೇಲೇ ಉಜ್ತೀವಿ ಡಾಕ್ಟ್ರೇ.” ಅಕ್ಕನಿಗೆ ಒಳಗೊಳಗೇ ಸ್ವಲ್ಪ ಹೆಮ್ಮೆಯಾಯಿತು, ಸುಳ್ಳೇಕೆ.

ಆ ಹೆಮ್ಮೆ ಎರಡು ಉಸಿರು ಇತ್ತು. ಡಾಕ್ಟರಮ್ಮ ಮೂಗು ಹತ್ತಿರ ತಂದಳು, ಹಿಂದಕ್ಕೆ ಸರಿದಳು. ತೆಳ್ಳನೆಯ ಕಡ್ಡಿಯಂಥ ಸಲಕರಣೆಯೊಂದನ್ನು ತೆಗೆದುಕೊಂಡು ಬಿಳಿ ಹಲ್ಲಿಗೂ ವಸಡಿಗೂ ನಡುವೆ ಮೆಲ್ಲಗೆ ಇಳಿಸಿದಳು. ಅದು ಇಳಿಯುತ್ತಲೇ ಹೋಯಿತು. ಹಲ್ಲಿನ ಪಕ್ಕದಲ್ಲಿ ಅಷ್ಟು ಆಳದ ಗುಂಡಿ ಇರಬಹುದೆಂದು ಅಕ್ಕ ಕನಸಿನಲ್ಲೂ ಎಣಿಸಿರಲಿಲ್ಲ. ಕಡ್ಡಿ ಹೊರಗೆ ಬಂದಾಗ ಅದರ ಹಿಂದೆಯೇ ಕೀವು ಬಂತು. ಸಾಹೇಬರು ಕುಂಯ್ ಎಂದು ತಲೆಯನ್ನು ಅಕ್ಕನ ಕಂಕುಳಿಗೆ ತುರುಕಿಕೊಂಡರು.

“ಯಾರು ಉಜ್ತಿರೋದು? ಯಾತ್ರಲ್ಲಿ?” ಡಾಕ್ಟರಮ್ಮನ ದನಿ ಬದಲಾಗಿತ್ತು.

ಅಕ್ಕ ಹೇಳಿದಳು. ಚಾಕು, ಚಕ್ರ, ಬಿಳಿ ಪುಡಿ, ಭಾನುವಾರ.

“ಹಲ್ಲಿಗೆ ಕಾಯಿಲೆ ಬರೋದು ಕಾಣೋ ಜಾಗದಲ್ಲಿ ಅಲ್ಲಮ್ಮಾ. ವಸಡಿನ ಕೆಳಗೆ. ಅಲ್ಲಿ ಗಾರೆ ಕೂತ್ಕೊಂಡು ಮೂಳೇನೇ ತಿಂದುಹಾಕ್ಬಿಟ್ಟಿದೆ. ಮೇಲೆ ನೀವು ಬಿಳಿ ಮಾಡ್ತಾ ಬಂದ್ರಿ, ಒಳಗೆ ಕೊಳೀತಾ ಬಂತು. ಕಂದು ಬಣ್ಣ ಹಾಗೇ ಇದ್ದಿದ್ರೆ ಯಾರಾದ್ರೂ ನೋಡಿ ಎರಡು ವರ್ಷ ಮೊದ್ಲೇ ಕರ್ಕೊಂಡು ಬರ್ತಿದ್ರು.” ಅವಳು ಕಣ್ಣಿನ ಕೆಳಗಿನ ಗಂಟನ್ನು ಬೆರಳ ತುದಿಯಲ್ಲಿ ತೋರಿಸಿದಳು. “ಇದು ಕಣ್ಣಿಂದಲ್ಲ. ಮೇಲಿನ ದೊಡ್ಡ ದವಡೆ ಹಲ್ಲಿನ ಬೇರು ಇಲ್ಲಿಗೆ ಬರುತ್ತೆ. ಅಲ್ಲಿ ಕೀವು ಕಟ್ಟಿದೆ.”

“ಈಗ ಏನು ಮಾಡೋದು?”

“ರಕ್ತ ಪರೀಕ್ಷೆ, ಎಕ್ಸ್‌ರೇ. ನಾಳೆ ಬೆಳಗ್ಗೆ ಮತ್ತಿನ ಇಂಜೆಕ್ಷನ್ ಕೊಟ್ಟು ಕೆಟ್ಟಿರೋದನ್ನೆಲ್ಲ ಕೀಳಬೇಕು. ಬಹಳಾನೇ ಹೋಗುತ್ತೆ. ಕೋರೆ ಉಳಿದ್ರೆ ಪುಣ್ಯ.”

“ಆಮೇಲೆ ತಿನ್ನೋದು ಹೇಗೆ?”

“ಹಲ್ಲಿಲ್ಲದೇ ಇರೋ ನಾಯಿ ತಿನ್ನುತ್ತೆ ಅಮ್ಮಾ. ಬಾಯಿ ನೋಯೋ ನಾಯಿ ತಿನ್ನಲ್ಲ.”

ಅಕ್ಕ ಮನೆಗೆ ಬಂದು ಗಾಡಿಯನ್ನು ಬಾಗಿಲಲ್ಲೇ ಬಿಟ್ಟು ಸ್ಟೂಲಿನ ಮೇಲೆ ಕುಸಿದಳು. ತಮ್ಮ ತಾನೇ ಕಲಸಿದ ಪ್ಲಾಸ್ಟರು ಬಟ್ಟಲಲ್ಲೇ ಕಲ್ಲಾಗಿ ಕೂತಿತ್ತು, ಅದನ್ನು ಸುತ್ತಿಗೆಯಿಂದ ಒಡೆಯುತ್ತಿದ್ದ. ಡಾಕ್ಟರಮ್ಮ ಹೇಳಿದ್ದನ್ನು ಅಕ್ಕ ಒಂದಕ್ಷರ ಬಿಡದೆ ಒಪ್ಪಿಸಿದಳು. ಒಳಗೆ ಕೊಳೆತದ್ದು, ಕೀಳಬೇಕಾದ್ದು, ಎಲ್ಲ. ತಮ್ಮ ಕೇಳಿಸಿಕೊಂಡದ್ದು ಕೊನೆಯದನ್ನು ಮಾತ್ರ.

“ಎಲ್ಲಾ ಕೀಳ್ತಾಳಾ?”

“ಕೆಟ್ಟಿರೋದು.”

“ಅಂಥ ಹಲ್ಲನ್ನಾ? ಅವಳಿಗೇನು ಗೊತ್ತು! ಬೀದೀಲಿ ನಾನು ತಲೆ ಎತ್ಕೊಂಡು ಹೇಗೆ ಓಡಾಡ್ಲಿ? ಹಲ್ಲಣ್ಣನ ಮನೇಲಿ ಬೊಚ್ಚುಬಾಯಿ ನಾಯಿ!” ಅವನು ಕೋಣೆಯಲ್ಲಿ ಅತ್ತಿಂದಿತ್ತ ನಡೆದ. ಆಮೇಲೆ ತಟಕ್ಕನೆ ನಿಂತ. ಅವನ ಮುಖದಲ್ಲಿ ಬೆಳಕು ಬಂತು. ಅಕ್ಕ ಸ್ಟೂಲನ್ನು ಹಿಂದಕ್ಕೆ ಸರಿಸಿದಳು. ತಮ್ಮನ ಮುಖದಲ್ಲಿ ಆ ಬೆಳಕು ಬಂದಾಗಲೆಲ್ಲ ಅವಳಿಗೆ ಒಂದು ಹೊಸ ಕೆಲಸ ಗಂಟುಬೀಳುತ್ತಿತ್ತು.

“ಕೀಳ್ಲಿ ಬಿಡು. ಕೀಳೋಕೆ ಮುಂಚೆ ಅಚ್ಚು ತೆಗ್ದು ಇಟ್ಕೋತೀನಿ. ಅದೇ ಅಳತೆ, ಅದೇ ಬಣ್ಣ, ಅದೇ ಸಾಲು. ಸೆಟ್ಟು ಕಟ್ತೀನಿ ಸಾಹೇಬ್ರಿಗೆ. ಯಾರಿಗೂ ಗೊತ್ತೇ ಆಗಬಾರ್ದು.”

“ನಾಯಿಗೆ ಹಲ್ಲಿನ ಸೆಟ್ಟಾ? ನಿನಗೆ ತಲೆ ನೆಟ್ಟಗಿದೆಯಾ?”

“ಮೊದ್ಲ ಸಲ ಯಾರೋ ಮನುಷ್ಯನಿಗೆ ಕಟ್ಟಿದಾಗ್ಲೂ ಹೀಗೇ ಕೇಳಿರ್ತಾರೆ. ಅಚ್ಚಿನ ಪುಡಿ ಕಲಸು ಅಕ್ಕಾ. ಮುಂದಿನ ಹಲ್ಲಿಂದು ಮೊದ್ಲು ತೆಗೆಯೋಣ.”

ಈಗ ಅಕ್ಕ ಬೇಡ ಎನ್ನಬೇಕಿತ್ತು. ಎಂದಿದ್ದರೆ ಅವನು ಇನ್ನೂ ಒಂದು ಗಂಟೆ ವಾದಿಸುತ್ತಿದ್ದ. ಪುಡಿ, ನೀರು, ಬಟ್ಟಲು ಎದುರಿಗೇ ಇದ್ದವು. ‘ಕಲಸು’ ಎಂದರೆ ಕಲಸುವುದು ಆ ಕೈಗೆ ಎಷ್ಟು ಒಗ್ಗಿಹೋಗಿತ್ತೆಂದರೆ, ತಲೆ ಬೇಡವೆನ್ನುವ ಹೊತ್ತಿಗೆ ಕೈ ಅರ್ಧ ಕಲಸಿ ಮುಗಿಸಿತ್ತು. ಮೆದುವಾದ ಮುದ್ದೆಯನ್ನು ಚಿಕ್ಕ ಟ್ರೇಗೆ ತುಂಬಿ ಕೊಟ್ಟಳು. ಡಾಕ್ಟರುಗಳು ಮಕ್ಕಳ ಬಾಯಿಯ ಅಚ್ಚು ತೆಗೆದು ಕಳಿಸುವ ಟ್ರೇ ಅದು.

ತಮ್ಮ ಸಾಹೇಬರನ್ನು ಕೈಕುರ್ಚಿಯ ಮೇಲೆ ಕೂರಿಸಿದ. ಅವರೂ ಪಾಪ, ಭಾನುವಾರವೆಂದು ತಿಳಿದರೋ ಏನೋ, ತಾವಾಗಿಯೇ ತುಸು ಬಾಯಿ ತೆರೆದರು. ತಮ್ಮ ಟ್ರೇಯನ್ನು ಕೆಳದವಡೆಯ ಮುಂದಿನ ಹಲ್ಲುಗಳಿಗೆ ಒತ್ತಿ ಹಿಡಿದ. “ಆಯ್ತು ಸಾಹೇಬ್ರೇ, ಆಯ್ತು, ಗಟ್ಟಿಯಾಗೋ ತನಕ ಅಷ್ಟೇ…”

ಸಾಹೇಬರ ಇಡೀ ಮೈ ನಡುಗುತ್ತಿತ್ತು. ಕಚ್ಚಲಿಲ್ಲ. ಕಚ್ಚಿದ್ದರೆ ಅಕ್ಕನಿಗೆ ಅಷ್ಟು ಕರುಳು ಚುರುಕ್ಕೆನ್ನುತ್ತಿರಲಿಲ್ಲ. ಕಣ್ಣು ಮೇಲೆತ್ತಿ ಅವಳನ್ನೇ ನೋಡುತ್ತಿದ್ದರು. ಅವಳು ನೋಟ ತಪ್ಪಿಸಿ ಕಿಟಕಿಯ ಕಡೆ ತಿರುಗಿದಳು.

ಮುದ್ದೆ ಗಟ್ಟಿಯಾಯಿತು. ತಮ್ಮ ವಾಡಿಕೆಯಂತೆ ಒಂದೇ ಸಲಕ್ಕೆ ಚಕ್ಕನೆ ಎಳೆದ. ನಾಯಿ ಕಿರುಚಿದ ದನಿ ಕೆಳಗಿನ ಬೀಗದಂಗಡಿಯ ತನಕ ಹೋಯಿತು. ಸಾಹೇಬರು ಕುರ್ಚಿಯಿಂದ ಹಾರಿ ಮಂಚದ ಕೆಳಗೆ ನುಗ್ಗಿದರು. ನೆಲದ ಮೇಲೆ ಕೆಂಪು ಹನಿಗಳು ಬಿದ್ದವು.

ತಮ್ಮನ ಕೈಯಲ್ಲಿ ಟ್ರೇ ಇತ್ತು. ಅಚ್ಚಿನಲ್ಲಿ ಹಲ್ಲಿನ ಗುರುತು ಇರಬೇಕು. ಗುರುತಿನ ಜಾಗದಲ್ಲಿ ಹಲ್ಲೇ ಇತ್ತು. ಒಂದಲ್ಲ, ಎರಡು, ಬುಡಮೇಲಾಗಿ ಕೂತಿದ್ದವು. ಅವನು ಒಂದನ್ನು ಬೆರಳಲ್ಲಿ ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದ. ಮೇಲಿನ ಭಾಗ ತಾನೇ ಉಜ್ಜಿದ್ದು, ಮುತ್ತಿನಂತೆ ಹೊಳೆಯುತ್ತಿತ್ತು. ಅದರ ಕೆಳಗೆ ಅದಕ್ಕಿಂತ ಉದ್ದದ ಬೇರು. ಬೇರಿನ ಸುತ್ತ ಕಪ್ಪು ಕಂದಾಗಿ ಗಾರೆ ಮೆತ್ತಿಕೊಂಡು, ಹಳದಿ ಲೋಳೆ ಜೋತಾಡುತ್ತಿತ್ತು.

ಹಲ್ಲಿಗೆ ಬೇರಿರುತ್ತದೆಂದು ತಮ್ಮನಿಗೆ ಗೊತ್ತಿರಲಿಲ್ಲವೆಂದಲ್ಲ. ಆ ಸಂಗತಿ ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಜೀವಮಾನವೆಲ್ಲ ಅವನ ಕೈಗೆ ಬಂದ ಹಲ್ಲುಗಳು ಡಬ್ಬಿಯಲ್ಲಿ ಸಾಲಾಗಿ ಬರುವ, ಬುಡದಲ್ಲಿ ಚಪ್ಪಟೆಯಾದ, ನೋವಿಲ್ಲದ ಹಲ್ಲುಗಳು. ಎಲ್ಲಿ ನೆಟ್ಟರೆ ಅಲ್ಲಿ ಕೂರುವಂಥವು.

ಅವನು ಅದನ್ನು ಮೂಗಿನ ಹತ್ತಿರ ತಂದ. ಎಳೆದು ಎಳೆದು ಮೂಸಿದ. ಆಮೇಲೆ ಅಕ್ಕನ ಕಡೆ ಚಾಚಿದ.

“ವಾಸನೆ ಬರ್ತಿದೆಯಾ ಅಕ್ಕಾ?”

“ಬರ್ತಿದೆ.”

“ತುಂಬಾನಾ?”

ಅಕ್ಕ ನೆಲದ ಹನಿಗಳನ್ನು ಒರೆಸಲು ಬಟ್ಟೆ ತೆಗೆದುಕೊಂಡಿದ್ದಳು. “ನಾನು ಮೂಗಿಗೆ ಬಟ್ಟೆ ಕಟ್ಕೊಂಡು ಮಲಗೋದು ನೋಡಿಲ್ವಾ ನೀನು?”

“ಧೂಳಿಗೆ ಅಂದ್ಕೊಂಡಿದ್ದೆ.”

“ಧೂಳಿಗೆ!” ಎಂದಳು ಅಕ್ಕ. ನಗು ಬರಬೇಕಾಗಿದ್ದ ಜಾಗದಲ್ಲಿ ಒಂದು ಸುಸ್ತಾದ ಉಸಿರು ಬಂತು.

“ಹೇಳ್ಬಾರ್ದಿತ್ತಾ?”

“ಬೀಗದವ್ನು ಹೇಳ್ದ. ನೀನು ತುಟಿ ಎತ್ತಿ ತೋರಿಸ್ದೆ. ನಾನು ಹೇಳಿದ್ರೂ ನೀನು ಅದನ್ನೇ ತೋರಿಸ್ತಿದ್ದೆ. ನನಗೆ ಕಿತ್ತಾಡೋ ತ್ರಾಣ ಇರ್ಲಿಲ್ಲ ಕಣೋ. ಮೋರಿ ತೊಳೆಯೋದೇ ಸುಲಭ ಅನ್ನಿಸ್ತು.”

ತಮ್ಮ ಮಂಚದ ಪಕ್ಕ ನೆಲದ ಮೇಲೆ ಕೂತ. ಒಳಗೆ ಕೈ ಚಾಚಿದ. ಒಳಗಿನಿಂದ ಗುರ್ ಎಂಬ ಸದ್ದು ಬಂತು. ಸಾಹೇಬರು ಅವನಿಗೆ ಗುರ್ ಎಂದದ್ದು ಅದೇ ಮೊದಲು. ಅವನು ಕೈ ಹಿಂದಕ್ಕೆ ತೆಗೆದುಕೊಂಡು, ಟ್ರೇಯನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲೇ ಕೂತಿದ್ದ. ಅಕ್ಕ ನೆಲ ಒರೆಸಿದಳು, ಡಾಕ್ಟರಮ್ಮನಿಗೆ ಫೋನು ಮಾಡಿ ನಡೆದದ್ದು ಹೇಳಿ ಬೈಸಿಕೊಂಡಳು, ಮೇಲಿನ ಸೆಟ್ಟಿಗೆ ಕಾಯುತ್ತಿದ್ದ ಡಾಕ್ಟರಿಗೂ ಫೋನು ಮಾಡಿ ಬೈಸಿಕೊಂಡಳು. ಒಂದು ದಿನದ ಬೈಗುಳ ಅದೇ ದಿನ ಮುಗಿದರೆ ಒಳ್ಳೆಯದು.

ಮಾರನೆಯ ಬೆಳಗ್ಗೆ ಗಾಡಿಯನ್ನು ತಮ್ಮ ಎಳೆದ. ಡಾಕ್ಟರಮ್ಮನ ಮುಂದೆ ನಿಂತು, “ನಾನೇ ಉಜ್ತಿದ್ದಿದ್ದು” ಎಂದ. ಅವಳು ರಾತ್ರಿಯೆಲ್ಲ ಯಾವುದೋ ಹಸುವಿನ ಹೆರಿಗೆಗೆ ಹೋಗಿಬಂದಿದ್ದಳಂತೆ, ಕಣ್ಣು ಕೆಂಪಗಿದ್ದವು, ಬೈಯಲು ಅವಳಿಗೂ ತ್ರಾಣವಿರಲಿಲ್ಲ. “ಹೊರಗೆ ಕೂತ್ಕೊಳ್ಳಿ” ಎಂದಳಷ್ಟೆ.

ಹೊರಗೆ ಬೆಂಚು. ಒಂದು ತುದಿಯಲ್ಲಿ ಅಕ್ಕ, ಇನ್ನೊಂದು ತುದಿಯಲ್ಲಿ ತಮ್ಮ, ನಡುವೆ ಯಾರದೋ ಪಂಜರದ ಗಿಣಿ. ಗಿಣಿಯೊಂದೇ ಮಾತಾಡುತ್ತಿತ್ತು. ವಯಸ್ಸಾದ ನಾಯಿ, ಮತ್ತಿನ ಔಷಧಿ, ಎದ್ದೇಳದೆ ಹೋದರೆ? ಅಕ್ಕನ ತಲೆಯಲ್ಲಿ ಅದೊಂದೇ ಗಿರಗಿರ ತಿರುಗುತ್ತಿತ್ತು. ತಿರುಗುತ್ತಿದ್ದಂತೆಯೇ ಅವಳು ಗೋಡೆಗೆ ತಲೆ ಆನಿಸಿ ನಿದ್ದೆಹೋದಳು. ನಿದ್ದೆಗೆ ನಾಚಿಕೆಯಿಲ್ಲ, ಯಾವ ಹೊತ್ತಿನಲ್ಲೂ ಬಂದುಬಿಡುತ್ತದೆ.

ಡಾಕ್ಟರಮ್ಮ ತಟ್ಟಿ ಎಬ್ಬಿಸಿದಾಗ ಬಿಸಿಲು ಗೋಡೆ ದಾಟಿತ್ತು. “ಎದ್ದಿದಾರೆ. ಕೋರೆ ಮೂರು ಉಳಿಸಿದೀನಿ, ಹಿಂದಿನದು ಕೆಲವು. ಮಿಕ್ಕಿದ್ದೆಲ್ಲ ಹೋಯ್ತು. ಹೊಲಿಗೆ ಹಾಕಿದೀನಿ. ಎರಡು ವಾರ ಮೆತ್ತಗಿಂದು ಮಾತ್ರ, ಬಾಯಿಗೆ ಕೈ ಹಾಕ್ಬೇಡಿ. ಆಮೇಲೆ ಉಳಿದಿರೋ ಹಲ್ಲನ್ನ ದಿನಾ ಬ್ರಷ್ ಮಾಡ್ಬೇಕು. ಮೆತ್ತನೆ ಬ್ರಷ್, ನಾಯೀದೇ ಪೇಸ್ಟು, ನಮ್ಮದು ಬೇಡ, ನುಂಗಿದ್ರೆ ಕೆಡುಕು. ಹಲ್ಲು ಮತ್ತು ವಸಡು ಸೇರೋ ಕಡೆ. ವರ್ಷಕ್ಕೊಂದ್ಸಲ ನನ್ನ ಹತ್ರ ಕರ್ಕೊಂಡು ಬರ್ಬೇಕು.” ಅವಳು ತಮ್ಮನ ಕಡೆ ತಿರುಗಿದಳು. “ಚಾಕು ಇಲ್ಲ. ಚಕ್ರ ಇಲ್ಲ.”

“ಇಲ್ಲ” ಎಂದ ತಮ್ಮ. ಶಾಲೆಯ ಹುಡುಗನ ಹಾಗೆ.

ಸಾಹೇಬರು ಗಾಡಿಯಲ್ಲಿ ಕುಡಿದವರಂತೆ ಮಲಗಿ ಬಂದರು. ನಾಲಿಗೆ ತಡೆಯಲು ಹಲ್ಲಿಲ್ಲದೆ ಒಂದು ಪಕ್ಕಕ್ಕೆ ಜೋತುಬಿದ್ದಿತ್ತು. ಬೀದಿಯವರು ನೋಡಿದರು. ತಮ್ಮ ತಲೆ ತಗ್ಗಿಸಲೂ ಇಲ್ಲ, ಎತ್ತಲೂ ಇಲ್ಲ, ಗಾಲಿ ಗುಂಡಿಗೆ ಬೀಳದಂತೆ ರಸ್ತೆ ನೋಡಿಕೊಂಡು ಎಳೆದ.

ಆ ದಿನ ಊಟವಿಲ್ಲ. ಮರುದಿನವೂ ತಟ್ಟೆ ಮೂಸಿ ಸುಮ್ಮನಾದರು. ಅಕ್ಕ ಬೇಯಿಸಿದ ಕೋಳಿಯನ್ನು ಅನ್ನದ ಜೊತೆ ಅರೆದು, ಬೆಚ್ಚಗಿನ ನೀರು ಬೆರೆಸಿ, ಬೆರಳ ತುದಿಯಲ್ಲಿ ತುಟಿಗೆ ಸವರಿದಳು. ಅರೆಯುವಾಗ ಮಣಿಕಟ್ಟು ಹರಿದುಹೋಗುತ್ತದೇನೋ ಎನ್ನಿಸಿತು. ತಮ್ಮ ಎದ್ದು ಬಂದು ಅವಳ ಕೈಯಿಂದ ಗುಂಡುಕಲ್ಲು ತೆಗೆದುಕೊಂಡ. ಎಷ್ಟು ನುಣ್ಣಗೆ ಅರೆದನೆಂದರೆ, ಅದನ್ನು ಬೇಕಾದರೆ ಅಚ್ಚಿಗೆ ಹುಯ್ಯಬಹುದಿತ್ತು.

“ಇಷ್ಟು ನುಣ್ಣಗೆ ಬೇಡ್ವೋ, ಗೋಡೆಗೆ ಬಳೀತೀಯಾ?”

“ನಂಗೆ ಒರಟು ಬಿಟ್ಟು ಗೊತ್ತಿಲ್ಲ ಅಕ್ಕಾ.”

ಮೂರನೆಯ ಬೆಳಗ್ಗೆ ಅಕ್ಕ ಪ್ಲಾಸ್ಟರು ಕುಟ್ಟುತ್ತಿದ್ದಾಗ ಹಿಂದಿನಿಂದ ಒಂದು ಸದ್ದು ಕೇಳಿತು. ಲಪ್, ಲಪ್, ಲಪ್. ಅವಳು ತಿರುಗಲಿಲ್ಲ. ತಿರುಗಿದರೆ ನಿಂತುಹೋದೀತೆಂಬ ಭಯ. ಎದುರಿಗೆ ಕೂತಿದ್ದ ತಮ್ಮ ಮೇಣದ ಚಾಕುವನ್ನು ಗಾಳಿಯಲ್ಲೇ ಹಿಡಿದು ಅವಳ ಭುಜದಾಚೆ ನೋಡುತ್ತಿದ್ದ. ಕಣ್ಣು ಒದ್ದೆಯಾಗಿತ್ತು. ಬಹುಶಃ ಆ ದ್ರವದ ಘಾಟಿಗಿರಬೇಕು. ತಟ್ಟೆ ನೆಲದ ಮೇಲೆ ಜಾರಿ ಗೋಡೆಗೆ ತಾಗಿದ ಸದ್ದು ಬಂತು. ಖಾಲಿ ತಟ್ಟೆ ಮಾತ್ರ ಹಾಗೆ ಜಾರುತ್ತದೆ.

“ತಿಂದ್ರು” ಎಂದ ತಮ್ಮ.

“ಕೇಳಿಸ್ತು” ಎಂದಳು ಅಕ್ಕ.

ಸಂತೋಷ ಆಗಬೇಕಿತ್ತು, ಆಯಿತು ಕೂಡ. ಆದರೆ ಅದರ ಹಿಂದೆಯೇ ಇಷ್ಟು ದಿನದ ಆಯಾಸವೂ ಬಂತು. ಅವಳು ಕೈ ಒರೆಸಿಕೊಂಡಳು. “ಈ ಅಚ್ಚು ನೀನು ಹುಯ್ಕೋ. ಎರಡು ವಾರ ಆದ್ಮೇಲೆ ಬ್ರಷ್ಷೂ ನೀನೇ ಮಾಡು, ದಿನಾ. ನನ್ನ ಕೈಲಿ ಆಗಲ್ಲ. ಜ್ಞಾಪಿಸೋ ಕೆಲಸಾನೂ ನನ್ನ ತಲೆಗೆ ಕಟ್ಬೇಡ.”

“ಆಯ್ತು.”

“ಆಯ್ತು ಅಂತ ನೀನು ಜೀವನಪೂರ್ತಿ ಅಂದಿದೀಯ.”

“ಈ ಸಲ ಆಯ್ತು ಅಕ್ಕಾ.”

ಅವಳು ಒಳಕೋಣೆಗೆ ಹೋಗಿ, ಹಾಡಹಗಲಲ್ಲಿ, ಬಾಗಿಲು ಮುಂದಕ್ಕೆ ಎಳೆದುಕೊಂಡು ಮಂಚದ ಮೇಲೆ ಉರುಳಿದಳು. ಸಾಹೇಬರು ಹಿಂದೆಯೇ ಬಂದು ಕೆಳಗೆ ಮಲಗಿದರು. ಅವರ ಬಾಯಿಂದ ಔಷಧಿಯ ವಾಸನೆ ಬರುತ್ತಿತ್ತು, ಆಸ್ಪತ್ರೆಯ ವರಾಂಡದ್ದು. ಅಕ್ಕನಿಗೆ ಅದು ಎಷ್ಟು ಹಿತವಾಗಿತ್ತೆಂದರೆ, ಮಂಚದ ಅಂಚಿಗೆ ಸರಿದು ಅವರ ಕಡೆಗೇ ಮುಖ ಮಾಡಿ ಮಲಗಿದಳು.

ಕಣ್ಣು ಹತ್ತುತ್ತಿದ್ದಂತೆ ಮೆಟ್ಟಿಲ ಮೇಲೆ ಹೆಜ್ಜೆ, ಉಗುರುಗಳ ಪರಪರ, ಸರಪಳಿಯ ಸದ್ದು. ಭಾನುವಾರವೆಂಬುದು ಅವಳಿಗೆ ಮರೆತೇಹೋಗಿತ್ತು. ಬೀಗದವನ ದನಿ. “ಹಲ್ಲಣ್ಣಾ, ಚಿಲಕನ್ನ ತಂದಿದೀನಿ. ಮುಖ ನೋಡ್ಕೋಬೇಕು, ಹಾಗೆ ಹೊಳೆಸ್ಬಿಡು.”

ಮೇಜಿನ ಮೇಲೆ ಚಾಕು ಇಟ್ಟ ಸದ್ದು ಬಂತು.

“ಪಾಲಿಶ್ ಇಲ್ಲ” ಎಂದ ತಮ್ಮ. “ನಿಲ್ಸಿಬಿಟ್ಟೆ.”

“ಯಾಕಯ್ಯಾ? ನಮ್ಮ ಮೇಲೆ ಕೋಪಾನಾ?”

“ಚಿಲಕದ ಬಾಯಿ ಮೂಸು.”

“ಏನು?”

“ಮೂಸಯ್ಯಾ. ನಿನಗೆ ಮೂಗಿದೆಯಲ್ಲ. ಮೂಸಿ ಹೇಳು.”

ಆಮೇಲೆ ತಮ್ಮ ಶುರು ಮಾಡಿದ. ಬೇರು ಎಷ್ಟುದ್ದ, ಗಾರೆ ಎಲ್ಲಿ ಅಡಗಿರುತ್ತದೆ, ಪಾಲಿಶ್ ಹಾಕಿದ್ದಕ್ಕೇ ಕಾಯಿಲೆ ಹೇಗೆ ಕಾಣದೆ ಹೋಯಿತು. ತಾನು ಮಾಡಿದ್ದನ್ನು ಮುಚ್ಚಿಡಲಿಲ್ಲ, ಆದರೆ ವಿವರಗಳನ್ನು ಅಲ್ಲಲ್ಲಿ ತಲೆಕೆಳಗು ಮಾಡಿದ. ಕಣ್ಣಿನ ಕೆಳಗೆ ಬರುವ ಬೇರನ್ನು ಕಿವಿಯ ಹತ್ತಿರಕ್ಕೆ ಒಯ್ದ, ಉಳಿದ ಮೂರು ಕೋರೆಹಲ್ಲನ್ನು ನಾಲ್ಕು ಮಾಡಿದ. ಇನ್ನಿಬ್ಬರು ಮೆಟ್ಟಿಲು ಹತ್ತಿ ಬಂದರು, ಅವರಿಗೂ ಮೊದಲಿಂದ ಹೇಳಿದ. ಯಾರೋ, “ಹಾಗಾದ್ರೆ ನಮ್ಮದಕ್ಕೂ ಹೀಗೇ ಆಗಿರ್ಬಹುದಾ?” ಎಂದು ಕೇಳಿದರು. ಆ ದನಿಯಲ್ಲಿ ಗಾಬರಿಯಿತ್ತು.

“ಆಗಿರ್ಬಹುದು. ನಾಳೇನೇ ಕರ್ಕೊಂಡು ಹೋಗಿ. ನಾನೂ ಬರ್ತೀನಿ, ಗಾಡಿ ಇದೆ” ಎಂದ ತಮ್ಮ.

ಎದ್ದು ಹೋಗಿ ಕಿವಿಯಲ್ಲ, ಕಣ್ಣು ಎಂದು ತಿದ್ದಬೇಕೆಂದು ಅಕ್ಕನಿಗೆ ಅನ್ನಿಸಿತು. ಡಾಕ್ಟರಮ್ಮನ ನಂಬರು ಇರುವುದೂ ತನ್ನ ಫೋನಿನಲ್ಲೇ. ಬೀದಿಯ ನಾಯಿಗಳೆಲ್ಲ ನಾಳೆ ಒಟ್ಟಿಗೆ ಹೋದರೆ ಆ ಹುಡುಗಿ ಕಂಗಾಲಾಗುತ್ತಾಳೆ, ಮೊದಲೇ ಒಂದು ಮಾತು ಹೇಳಬೇಕು. ಅವಳು ಮೊಣಕೈ ಊರಿ ಅರ್ಧ ಎದ್ದಳು. ಮಣಿಕಟ್ಟು ಚುಳಕ್ಕೆಂದಿತು. ಹೊರಗೆ ತಮ್ಮ ನಾಲ್ಕನೆಯವರಿಗೆ ಮತ್ತೆ ಬೇರಿನಿಂದ ಶುರು ಮಾಡಿದ್ದ.

ಅಕ್ಕ ಹಾಗೇ ದಿಂಬಿಗೆ ತಲೆ ಕೊಟ್ಟಳು.